ಟೇಪ್ ಊರು ಬಿಟ್ಟಿರಬೇಕು

ಮುದ್ದೇಬಿಹಾಳದಾಗ ನನ್ನ ಮೊದಲ ನೌಕರಿ, ಒಂದು ಸಹಕಾರಿ ಸಂಘದ ಕಂಪ್ಯೂಟರ್ ವಿಭಾಗದಲ್ಲಿ. ವಿಭಾಗ ಅಂದ್ರ ನಾನೊಬ್ಬನೇ! ದಿನಾ ಸಂಜೆ ಲೆಕ್ಕ ಮುಗಿದ ಮೇಲೆ ಟೇಪಿಗೆ ಬ್ಯಾಕಪ್ ಹಾಕೋದು, ಶನಿವಾರದ ಟೇಪನ್ನು ಬಸ್ಸಿನಲ್ಲಿ ಬಸವನ ಬಾಗೇವಾಡಿ ಶಾಖೆಗೆ ಒಯ್ದು ಹಳೇದನ್ನ ವಾಪಸ್ ತರೋದು.

ಇದಕ್ಕೆ ‘ಅಜ್ಜ-ಅಪ್ಪ-ಮಗ’ ಪದ್ಧತಿ ಅಂತಾರೆ. ದಿನದ ಟೇಪ್ ಮಗ, ವಾರದ್ದು ಅಪ್ಪ, ತಿಂಗಳದ್ದು ಅಜ್ಜ. ಮಗನ ಮೇಲೆ ಮುಂದಿನ ವಾರವೇ ಮತ್ತೆ ಬರೀತೀವಿ. ಅಜ್ಜನನ್ನು ಬೇಗ ಮುಟ್ಟಂಗಿಲ್ಲ. ಹಳೇ ಕಾಲದ್ದು ಅಂತ ನಗಬ್ಯಾಡ್ರಿ. 2011ರ ಫೆಬ್ರುವರಿಯಲ್ಲಿ ಸಾಫ್ಟ್‌ವೇರ್ ದೋಷದಿಂದ ಕೆಲವರ ಜಿಮೇಲ್ ಖಾಲಿಯಾದಾಗ ಗೂಗಲ್ ಕೂಡ ಅದನ್ನು ಟೇಪಿನಿಂದಲೇ ತಂದುಕೊಟ್ಟಿತು. ಬೇರೆ ಪ್ರತಿಗಳಿಗೆ ತಟ್ಟಿದ ದೋಷ ಆಫ್‌ಲೈನ್ ಇದ್ದ ಟೇಪಿಗೆ ತಟ್ಟಿರಲಿಲ್ಲ.

ಒಂದು ಮಳೆಗಾಲ ಸಾಲಾಗಿ ಎರಡು ಶನಿವಾರ ನಾನು ಬಸ್ ಹತ್ತಲಿಲ್ಲ. ಟೇಪು ಸರ್ವರ್ ಕೋಣೆಯ ಕಪಾಟಿನಾಗ ಇಟ್ಟು, ರಿಜಿಸ್ಟರಿನಾಗ ‘ಕಳಿಸಿದೆ’ ಅಂತ ಬರೆದೆ. ಮುಂದಿನ ಮಂಗಳವಾರ ಮಾಳಿಗೆ ಸೋರಿ ಸರ್ವರೂ ಹೋಯ್ತು, ಕಪಾಟಿನ ಟೇಪೂ ತೊಯ್ದವು. ಬಾಗೇವಾಡಿಯಲ್ಲಿದ್ದದ್ದು 17 ದಿನ ಹಳೇದು. ಅಷ್ಟೂ ದಿನದ ಚೀಟಿ, ರಸೀದಿ ತೆಗೆದು ಹಗಲೂ ರಾತ್ರಿ ಮತ್ತೆ ಟೈಪ್ ಮಾಡಿದೆವು. ಅಜ್ಜಿಯೊಬ್ಬರು ಪಾಸ್‌ಬುಕ್ ಹಿಡಕೊಂಡು, “ತಮ್ಮಾ, ನನ್ನ ರೊಕ್ಕ ಐತಿಲ್ಲೋ?” ಅಂದ್ರು. “ಐತಬೇ” ಅಂದೆ, ತಲೆ ಎತ್ತದೇ.

ಸಾಹೇಬ್ರು ಬೈಲಿಲ್ಲ. ರಿಜಿಸ್ಟರ್ ತರಿಸಿ, ನನ್ನ ಆ ಎರಡು ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಸಹಿ ಮಾಡಿದ್ರು. ಮುಂದಿನ ಶನಿವಾರದಿಂದ ಬಸ್ ಟಿಕೆಟನ್ನೂ ಅದರಾಗ ಅಂಟಿಸತೊಡಗಿದೆ.