ಮನೆಯಲ್ಲಿ ಮಕ್ಕಳ ಪಾಲು

ನಮ್ಮ ಪಟ್ಟಣಗಳಲ್ಲಿ ಹೊಸ ಮನೆ ಕಟ್ಟಿಸುವ ಗೃಹಸ್ಥನು ಯಾವ ಯಾವ ವಿಷಯಗಳಲ್ಲಿ ಮುತುವರ್ಜಿ ವಹಿಸುವನೆಂಬುದನ್ನು ವಾಚಕರು ಬಲ್ಲರು. ದೇವರ ಮನೆ ಈಶಾನ್ಯಕ್ಕಿರಬೇಕು. ಅಡಿಗೆಯ ಮನೆ ಆಗ್ನೇಯಕ್ಕೆ. ಮುಂಭಾಗದಲ್ಲಿ ಮೋಟಾರು ಗಾಡಿ ನಿಲ್ಲಬೇಕು. ಹಜಾರವು ನಾಲ್ಕು ಜನ ಮೆಚ್ಚುವಂತಿರಬೇಕು. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದಲ್ಲಿ ಇಷ್ಟನ್ನು ಹೊಂದಿಸುವುದು ಸಾಮಾನ್ಯ ಸಾಹಸವಲ್ಲ. ಆದರೆ ಹಗಲಿನ ಬಹುಭಾಗವನ್ನು ಆ ಮನೆಯಲ್ಲಿಯೇ ಕಳೆಯತಕ್ಕ ಎರಡು ವರ್ಷದ, ಐದು ವರ್ಷದ ನಿವಾಸಿಗಳಿಗೆ ಏನು ಬೇಕೆಂಬುದನ್ನು ನಕ್ಷೆ ಬರೆಯುವವನೂ ಕೇಳುವುದಿಲ್ಲ, ಬರೆಯಿಸುವವನೂ ಹೇಳುವುದಿಲ್ಲ. ಗೃಹಪ್ರವೇಶವಾದ ಮಾರನೆಯ ದಿನದಿಂದ ಮುಟ್ಟಬೇಡ, ಹತ್ತಬೇಡ, ಓಡಬೇಡ ಎಂಬ ಮೂರು ಶಾಸನಗಳು ಮಾತ್ರ ಅವರ ಮೇಲೆ ಜಾರಿಗೆ ಬರುತ್ತವೆ.

ಈ ಶಾಸನಗಳಿಂದ ಮಗುವಿಗೆ ಆಟವೂ ಇಲ್ಲ, ರಕ್ಷಣೆಯೂ ಇಲ್ಲವೆಂಬುದೇ ನಮ್ಮ ವಾದ. ಎರಡು ವರ್ಷದ ಕೂಸಿಗೆ ನಿಷೇಧಾಜ್ಞೆ ಅರ್ಥವಾಗತಕ್ಕದ್ದಲ್ಲ. ಅರ್ಥವಾದರೂ ನೆನಪಿನಲ್ಲಿ ನಿಲ್ಲತಕ್ಕದ್ದಲ್ಲ. ತಿದ್ದಬೇಕಾದುದು ಮನೆಯನ್ನು. ಮನೆಯನ್ನು ಒಮ್ಮೆ ತಿದ್ದಿದರೆ ಮಗುವನ್ನು ಅದರ ಪಾಡಿಗೆ ಬಿಡುವ ಧೈರ್ಯ ಹಿರಿಯರಿಗೆ ತಾನಾಗಿಯೇ ಬರುತ್ತದೆ.

ಮೊದಲು ನೀರಿನ ಮಾತು. ನಲ್ಲಿಯ ನೀರು ದಿನ ಬಿಟ್ಟು ದಿನವೋ ವಾರಕ್ಕೊಮ್ಮೆಯೋ ಬರುವ ಊರುಗಳಲ್ಲಿ ಬಾಗಿಲ ಮುಂದೆ ನೆಲದೊಳಗೊಂದು ಸಂಪು ಇಲ್ಲದ ಮನೆ ಅಪರೂಪ. ಅದರ ಬಾಯಿ ಎರಡಡಿ ಚದರ. ಆಳವು ಮಗುವಿನ ಎತ್ತರಕ್ಕಿಂತ ಎಷ್ಟೋ ಹೆಚ್ಚು. ನೀರು ಬಂದ ದಿನ ಎಷ್ಟು ತುಂಬಿತೆಂದು ನೋಡಲು ಮುಚ್ಚಳ ತೆಗೆಯುತ್ತೇವೆ. ಟ್ಯಾಂಕರಿನ ಕೊಳವೆ ಇಳಿಸಲು ತೆಗೆಯುತ್ತೇವೆ. ಅಷ್ಟರಲ್ಲಿ ಒಳಗಿನಿಂದ ಯಾರೋ ಕರೆಯುತ್ತಾರೆ. ಮಳೆಗಾಲವಿರಲಿ, ಬೇಸಗೆಯಿರಲಿ, ಸಂಪಿನಲ್ಲಿ ಮಗು ಬಿದ್ದ ಸುದ್ದಿಯನ್ನು ಪತ್ರಿಕೆಗಳು ಮುದ್ರಿಸುತ್ತಲೇ ಇವೆ. ವಿಶ್ವ ಆರೋಗ್ಯ ಸಂಸ್ಥೆಯವರ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷ ತುಂಬದ ಮಕ್ಕಳು. ಮುಳುಗುವ ಕೂಸು ಕೂಗಿಕೊಳ್ಳುವುದಿಲ್ಲ. ಪಕ್ಕದ ಕೋಣೆಯಲ್ಲಿರುವ ತಾಯಿಗೂ ಸದ್ದು ಕೇಳಿಸದು. ಬಚ್ಚಲಲ್ಲಿ ಅರ್ಧ ತುಂಬಿದ ಬಕೆಟ್ಟೂ ಸಾಲುವುದುಂಟು, ಏಕೆಂದರೆ ತಲೆಯ ಭಾರದಿಂದ ಬಗ್ಗಿ ಬಿದ್ದ ಕೂಸು ಮತ್ತೆ ಎದ್ದುಕೊಳ್ಳಲಾರದು. ಸಂಪಿಗೆ ಕೀಲಿರುವ ಮುಚ್ಚಳ, ಮುಚ್ಚಳಕ್ಕೊಂದು ಬೀಗ, ಅದರ ಕೆಳಗೆ ಕೊಳವೆ ಮಾತ್ರ ತೂರುವಂತಹ ಕಬ್ಬಿಣದ ಜಾಲರಿ: ಇಷ್ಟಕ್ಕೆ ತಗಲುವ ವೆಚ್ಚವು ಗೃಹಪ್ರವೇಶದ ಊಟದಲ್ಲಿ ಒಂದು ಪಂಕ್ತಿಗೂ ಆಗುವುದಿಲ್ಲ.

ಮಹಡಿಯ ಕಟಕಟೆಯ ಸಂಗತಿಯೂ ಹೀಗೆಯೇ. ಕಂಬಿಗಳನ್ನು ಅಡ್ಡಲಾಗಿ ಹಾಕಿಸಿದರೆ ಅದು ಕಟಕಟೆಯಲ್ಲ, ಏಣಿ. ಅವು ನೆಟ್ಟಗಿರಬೇಕು, ನಡುವಣ ಅಂತರವು 4 ಅಂಗುಲ ಮೀರಬಾರದು, ಪಕ್ಕದಲ್ಲಿ ಕುರ್ಚಿಯಾಗಲಿ ಹೂವಿನ ಕುಂಡವಾಗಲಿ ಇರಬಾರದು. ಬಕೆಟ್ಟಿನಲ್ಲಿ ಕಾಯಿಸುವ ಸರಳಿಳಿಸಿ ನೀರು ಕಾಯಿಸುವ ಮನೆಗಳಲ್ಲಿ ಬಚ್ಚಲ ಬಾಗಿಲಿಗೆ ಹೊರಗಿನಿಂದ ಚಿಲಕ ಬೇಕು. ವಿದ್ಯುತ್ತು ಸೋರಿದೊಡನೆ ಪ್ರವಾಹವನ್ನು ಕಡಿದುಹಾಕುವ 30 ಮಿಲಿ ಆಂಪಿಯರಿನ ಸಾಧನವು ಪೇಟೆಯಲ್ಲಿ ದೊರೆಯುತ್ತದೆ. ಗಡಿಯಾರಗಳಲ್ಲಿಯೂ ಆಟಿಕೆಗಳಲ್ಲಿಯೂ ಇರುವ ಗುಂಡಿಯಂತಹ ಬ್ಯಾಟರಿಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಸುಡುಗಾಯವಾಗುವುದೆಂಬುದನ್ನು ಅಜ್ಜಂದಿರಿಗೂ ತಿಳಿಸಿರಬೇಕು.

ಇನ್ನು ಆಟದ ವಿಚಾರ. ಜಗಲಿ, ತೊಟ್ಟಿಯ ಅಂಗಳ, ಹಿತ್ತಿಲು ಇದ್ದ ಮನೆಗಳಲ್ಲಿ ಕುಂಟೆಬಿಲ್ಲೆಗೂ ಬುಗುರಿಗೂ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆ ಹಿತ್ತಿಲಲ್ಲಿಯೇ ಕಟ್ಟೆಯಿಲ್ಲದ ಬಾವಿಯೂ ಇರುತ್ತಿತ್ತೆಂಬುದನ್ನು ಮರೆತು ಹಳೆಯದನ್ನೆಲ್ಲ ಹೊಗಳುವವರಲ್ಲಿ ನಾವು ಸೇರಿದವರಲ್ಲ. ಆದರೆ ಆ ಅಂಗಳವನ್ನು ಗಾಡಿಗೆ ಕೊಟ್ಟೆವು; ಮಗುವಿನ ಕೈಗೆ ಮೊಬೈಲು ಕೊಟ್ಟು ಸುಮ್ಮನಾಗಿಸಿದೆವು. ಬಳಿಕ ಮಗು ಹಟಮಾರಿಯೆಂದು ವೈದ್ಯರಲ್ಲಿ ದೂರುವುದು ಯಾವ ನ್ಯಾಯ?

1907ರಲ್ಲಿ ರೋಮ್ ನಗರದ ಬಡವರ ವಠಾರವೊಂದರಲ್ಲಿ ಮಾರಿಯಾ ಮಾಂಟೆಸ್ಸೊರಿಯವರು ಮಕ್ಕಳ ಮನೆಯನ್ನು ತೆರೆದರು. ಕುರ್ಚಿ, ಮೇಜು, ಕಪಾಟುಗಳನ್ನು ಮಕ್ಕಳ ಅಳತೆಗೆ ಇಳಿಸಿದುದು ಅವರು ಮಾಡಿದ ಮುಖ್ಯ ಕೆಲಸಗಳಲ್ಲೊಂದು. ಅದಕ್ಕೆ ಶಾಲೆಯೇ ಬೇಕೆಂದಿಲ್ಲ. ಗೋಡೆಯ ಕೆಳಭಾಗದ ಮೂರಡಿಯನ್ನು ಸೀಮೆಸುಣ್ಣದ ಬರಹಕ್ಕೆ ಬಿಡಬಹುದು. ಕಪಾಟಿನ ಕೆಳಗಿನ ಅಂತಸ್ತನ್ನು ಮಗುವಿನ ಹೆಸರಿಗೆ ಬರೆದುಕೊಡಬಹುದು. ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿಗೆ ಕಟ್ಟುವ ಜೋಕಾಲಿಯನ್ನು ಗಟ್ಟಿಯಾದ ಕೊಂಡಿಯೊಂದಿದ್ದರೆ ವರ್ಷವೆಲ್ಲ ಕಟ್ಟಿರಬಹುದು; ಕೆಳಗೊಂದು ಹಾಸಿಗೆ ಹಾಸಿದರಾಯಿತು. ಚನ್ನಪಟ್ಟಣದ ಕುಶಲಿಗಳು ಹಾಲೆಮರವನ್ನು ಕಡೆದು ಅರಗಿನ ಬಣ್ಣವೇರಿಸುವ ಬುಗುರಿ, ಬಂಡಿಗಳಿವೆ. ಕಾರ್ಖಾನೆಯ ಆಟಿಕೆಯನ್ನೇ ಕೊಳ್ಳುವುದಾದರೆ 2021ರ ಜನವರಿ 1ರಿಂದ ಕಡ್ಡಾಯವಾಗಿರುವ ಐ.ಎಸ್.ಐ. ಗುರುತನ್ನು ನೋಡಿ ಕೊಳ್ಳತಕ್ಕದ್ದು.

ಬಾಡಿಗೆ ಮನೆಯವರು ಏನು ಮಾಡಬೇಕೆಂದು ಕೇಳಬಹುದು. ಮೊಳೆ ಹೊಡೆಯಲೂ ಒಪ್ಪದ ಮಾಲೀಕರಿರುವುದು ನಿಜ. ಆದರೆ ಸಂಪಿನ ಬೀಗವನ್ನು ಬೇಡವೆನ್ನುವ ಮಾಲೀಕನನ್ನು ನಾವು ಇನ್ನೂ ಕಂಡಿಲ್ಲ. ಕೇಳುವ ಬಾಡಿಗೆದಾರರೂ ಕಡಮೆ.

ಪೌರಸಂಸ್ಥೆಗಳ ಅಧಿಕಾರಿಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಕಟ್ಟಡದ ಸುತ್ತ ಎಷ್ಟು ಅಡಿ ತೆರವು ಬಿಟ್ಟಿದೆಯೆಂದು ಅಳೆಯಲು ತಮ್ಮ ನೌಕರರು ಪಟ್ಟಿ ಹಿಡಿದು ಹೇಗೂ ಬರುತ್ತಾರೆ. ಬಂದವರು ಸಂಪಿನ ಮುಚ್ಚಳವನ್ನೊಮ್ಮೆ ಕಾಲಿನಿಂದ ತಳ್ಳಿ ನೋಡಲಿ. ಅದು ಸರಿದರೆ, ಬೀಗ ಹಾಕಿಸುವವರೆಗೆ ಸ್ವಾಧೀನಪತ್ರವನ್ನು ತಡೆಹಿಡಿಯಲಿ.