ಚುಕ್ಕೆ ಆರಿದಾಗ ಸಿಕ್ಕ ಸುಳಿವು

ಪ್ರೋಟೀನು ಎಂದರೆ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಇನ್ಸುಲಿನ್‌ನ 51 ಮಣಿಗಳ ಕ್ರಮ ಬಿಡಿಸಲು ಫ್ರೆಡ್ರಿಕ್ ಸ್ಯಾಂಗರ್ ಸುಮಾರು ಹತ್ತು ವರ್ಷ ದುಡಿದು, 1958ರಲ್ಲಿ ನೊಬೆಲ್ ಪಡೆದರು. ಶುದ್ಧ ಇನ್ಸುಲಿನ್ ಅವರಿಗೆ ಬೇಕಾದಷ್ಟು ಸಿಗುತ್ತಿತ್ತು. ಆದರೆ ರೋಗದ ಸುಳಿವು ಕೊಡುವ ಪ್ರೋಟೀನು ರಕ್ತದಲ್ಲಿ ಎಷ್ಟೋ ಸಲ ಅತ್ಯಲ್ಪ. ಡಿ.ಎನ್.ಎ.ಯನ್ನಾದರೆ ಪ್ರತಿ ತೆಗೆದು ಕೋಟಿಗಟ್ಟಲೆ ಹೆಚ್ಚಿಸಬಹುದು. ಪ್ರೋಟೀನಿಗೆ ಆ ಸೌಲಭ್ಯವಿಲ್ಲ. ಇರುವ ಒಂದೊಂದು ಅಣುವನ್ನೇ ಓದಬೇಕು.

2018ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ಎಡ್ವರ್ಡ್ ಮಾರ್ಕಾಟ್ ತಂಡ ಇದಕ್ಕೊಂದು ಉಪಾಯ ತೋರಿಸಿತು. ಪ್ರೋಟೀನನ್ನು ತುಂಡರಿಸಿ, ಲೈಸೀನ್, ಸಿಸ್ಟೀನ್‌ಗಳಂಥ ಒಂದೆರಡು ಬಗೆಯ ಮಣಿಗಳಿಗೆ ಮಾತ್ರ ಬೇರೆ ಬೇರೆ ಹೊಳೆಯುವ ಬಣ್ಣ ಅಂಟಿಸಿ, ತುಂಡುಗಳ ಬಾಲವನ್ನು ಗಾಜಿಗೆ ಬಿಗಿಯುತ್ತಾರೆ. ಲೇಸರ್ ಬೆಳಕಿನಲ್ಲಿ ಸೂಕ್ಷ್ಮದರ್ಶಕಕ್ಕೆ ಒಂದೊಂದು ಅಣುವೂ ಒಂದೊಂದು ಚುಕ್ಕೆ. ಬಳಿಕ ಎಡ್ಮನ್ ಎಂಬ ವಿಜ್ಞಾನಿಯ 1950ರ ಹಳೆಯ ವಿಧಾನದಿಂದ ತಲೆಯ ಕಡೆಯ ಮಣಿಗಳನ್ನು ಒಂದೊಂದಾಗಿ ಕಳಚುತ್ತಾರೆ. ಮೂರನೆಯ ಸುತ್ತಿಗೆ ಲೈಸೀನಿನ ಬಣ್ಣ ಆರಿತೇ? ಹಾಗಾದರೆ ಮೂರನೆಯ ಮಣಿ ಲೈಸೀನ್! ಉಳಿದವು ಯಾವುವೋ ತಿಳಿಯದು. ಆದರೂ ನಮ್ಮ ‘ಬಿಟ್ಟ ಸ್ಥಳ ತುಂಬಿರಿ’ ಪ್ರಶ್ನೆಯಂತಿರುವ ಈ ಅರೆಬರೆ ಸಾಲನ್ನು, ಗೊತ್ತಿರುವ ಪ್ರೋಟೀನುಗಳ ಪಟ್ಟಿಯೊಡನೆ ಹೋಲಿಸಿ ಗಣಕಯಂತ್ರ ಹೆಸರು ಪತ್ತೆಹಚ್ಚುತ್ತದೆ.

ತೊಡಕೂ ಉಂಟು. ಬಣ್ಣ ತಾನಾಗಿಯೇ ಕೆಟ್ಟು ಆರಿದರೆ ಮಣಿ ಕಳಚಿತೆಂದೇ ಲೆಕ್ಕ ಬೀಳುತ್ತದೆ. ಎಡ್ಮನ್ ವಿಧಾನದ ಪ್ರಬಲ ಆಮ್ಲವನ್ನು ತಾಳಬಲ್ಲ ಬಣ್ಣಗಳನ್ನು ಈ ತಂಡ ಪರೀಕ್ಷಿಸಿ ಪರೀಕ್ಷಿಸಿ ಆರಿಸಬೇಕಾಯಿತು.