ಬೆಳಕಿಗೆ ಭೇದವಿಲ್ಲ

ಚಿತ್ರಕ್ಕೆ ಯೋಗ್ಯವಾದ ವಸ್ತು ಯಾವುದು? ಯುದ್ಧದ ವಿಜಯ, ದೇವತೆಗಳ ಕಥೆ, ರಾಜರಾಣಿಯರ ಮುಖ ಇವುಗಳಿಗೆ ಮಾತ್ರ ಆ ಯೋಗ್ಯತೆಯುಂಟೆಂದು ನಂಬಿದವರು ಹಿಂದೆ ಬಹಳ ಮಂದಿ ಇದ್ದರು. ಆ ನಂಬಿಕೆ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ವಸ್ತುವಿಗೆ ಯೋಗ್ಯತೆಯನ್ನು ತಂದುಕೊಡುವುದು ಅದನ್ನು ಕಾಣುವ ಕಣ್ಣು. ಜರ್ಮನಿಯ ಚಿತ್ರಕಾರ ಮ್ಯಾಕ್ಸ್ ಲೀಬರ್‌ಮನ್ನನ ಬಾಳೂ ಕೃತಿಗಳೂ ಈ ಮಾತಿಗೆ ಸಾಕ್ಷಿಯಾಗಿವೆ.

ಲೀಬರ್‌ಮನ್ 1847ರಲ್ಲಿ ಬರ್ಲಿನ್ ನಗರದ ಸಿರಿವಂತ ಯಹೂದಿ ಮನೆತನವೊಂದರಲ್ಲಿ ಹುಟ್ಟಿದನು. ವೈಮಾರಿನ ಕಲಾಶಾಲೆಯಲ್ಲಿ ಅಭ್ಯಾಸ ಮಾಡಿದನು. 1872ರಲ್ಲಿ ಅವನು ಮುಗಿಸಿದ ಚಿತ್ರವೊಂದರಲ್ಲಿ, ಮಬ್ಬುಗತ್ತಲೆಯಲ್ಲಿ ಕುಳಿತು ಹೆಬ್ಬಾತುಗಳ ಗರಿ ಕೀಳುತ್ತಿರುವ ಬಡ ಹೆಂಗಸರಿದ್ದಾರೆ. ಅದನ್ನು ಕಂಡ ವಿಮರ್ಶಕರು ಅವನನ್ನು ಕುರೂಪದ ಚಿತ್ರಕಾರನೆಂದು ಹಳಿದರು. ಅವನಾದರೋ ತನ್ನ ದಾರಿಯನ್ನು ಬಿಡಲಿಲ್ಲ. ಬೇಸಗೆ ಬಂದಿತೆಂದರೆ ನೆರೆಯ ಹಾಲೆಂಡಿಗೆ ಹೋಗಿ, ಅಲ್ಲಿನ ಹಳ್ಳಿ, ಹೊಲ, ಕಡಲತೀರಗಳಲ್ಲಿ ದುಡಿಯುವ ಜನರ ನಡುವೆ ಕುಂಚ ಹಿಡಿದನು.

ಫ್ರಾನ್ಸಿನಲ್ಲಿ ಆ ಕಾಲಕ್ಕೆ ಇಂಪ್ರೆಷನಿಸಂ ಎಂಬ ಪಂಥ ರೂಪುಗೊಂಡಿತ್ತು. ಬಯಲಿನಲ್ಲಿ ನಿಂತು, ಕ್ಷಣಕ್ಷಣಕ್ಕೂ ಬದಲಾಗುವ ಬೆಳಕನ್ನು ಚುರುಕಾದ ವರ್ಣಸ್ಪರ್ಶಗಳಿಂದ ಹಿಡಿದಿಡುವುದು ಅದರ ರೀತಿ. ಲೀಬರ್‌ಮನ್ ಕ್ರಮೇಣ ಆ ರೀತಿಯನ್ನು ತನ್ನದಾಗಿಸಿಕೊಂಡನು. ಮೊದಲಿನ ಕಂದು ಬಣ್ಣದ ಕತ್ತಲೆ ಕರಗಿ, ಅವನ ಚಿತ್ರಗಳಲ್ಲಿ ಗಾಳಿಯೂ ಬಿಸಿಲೂ ತುಂಬಿದವು. ನೋರ್ಡ್‌ವೈಕಿನ ಮರಳದಂಡೆಯಲ್ಲಿ ಸಾಗುವ ಕುದುರೆ ಸವಾರರು, ಆಮ್‌ಸ್ಟರ್‌ಡ್ಯಾಮಿನ ಯಹೂದಿ ಕೇರಿಯ ಇಕ್ಕಟ್ಟಾದ ಬೀದಿಯಲ್ಲಿ ಕಿಕ್ಕಿರಿದ ಸಂತೆಯ ಜನ, ಬರ್ಲಿನ್ನಿನ ವಾನ್ಸೇ ಸರೋವರದ ದಡದಲ್ಲಿದ್ದ ತನ್ನದೇ ತೋಟದ ಹೂಪಾತಿಗಳು ಎಲ್ಲವೂ ಅವನ ಪಾಲಿಗೆ ಸಮಾನವಾದ ವಸ್ತುಗಳೇ ಆಗಿದ್ದವು.

ಸಿರಿವಂತನಿಗೆ ಬಡವರ ದುಡಿಮೆ ನೋಡಲು ಸೊಗಸಾದ ದೃಶ್ಯವಷ್ಟೇ ಅಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಅಂಥವರು ಹ್ಯಾಂಬರ್ಗಿನ ಕಲಾಸಂಗ್ರಹಾಲಯದಲ್ಲಿರುವ, 1889ರಲ್ಲಿ ಪೂರ್ಣಗೊಂಡ ಬಲೆ ನೇಯುವ ಹೆಂಗಸರ ಚಿತ್ರವನ್ನು ನೋಡಬೇಕು. ಬೂದುಬಣ್ಣದ ಆಕಾಶದ ಕೆಳಗೆ, ಬೀಸುವ ಗಾಳಿಯಲ್ಲಿ, ವಿಶಾಲವಾದ ಬಯಲಿನಲ್ಲಿ ಹೆಂಗಸರು ಬಲೆಗಳನ್ನು ಸರಿಪಡಿಸುತ್ತಿದ್ದಾರೆ. ಅವರು ಯಾರ ಕನಿಕರವನ್ನೂ ಬೇಡುತ್ತಿಲ್ಲ. ತಮ್ಮ ಕೆಲಸದಲ್ಲಿ ಮಗ್ನರಾಗಿದ್ದಾರೆ. ರಾಜನ ಚಿತ್ರಕ್ಕೆ ಸಲ್ಲುವ ಗಾಂಭೀರ್ಯವೇ ಅವರಿಗೂ ಸಂದಿದೆ. ಬಿಸಿಲು ಕುಲವನ್ನು ಕೇಳಿ ಬೀಳುವುದಿಲ್ಲ. ಅವನ ಕುಂಚವೂ ಕೇಳಲಿಲ್ಲ.

ಆದರೆ ಅವನ ನಾಡು ಕೇಳಿತು. ಹಿಂದೆ ಹಳಿಸಿಕೊಂಡವನು 1920ರಲ್ಲಿ ಪ್ರಷ್ಯದ ಕಲಾ ಅಕಾಡೆಮಿಯ ಅಧ್ಯಕ್ಷನಾಗಿ, 1932ರವರೆಗೆ ಆ ಪೀಠದಲ್ಲಿದ್ದನು. ಮರುವರ್ಷವೇ ಹಿಟ್ಲರನ ಆಳ್ವಿಕೆ ಬಂದಿತು. ಯಹೂದಿ ಕಲಾವಿದರಿಗೆ ಅಕಾಡೆಮಿಯಲ್ಲಿ ಎಡೆಯಿಲ್ಲವಾದಾಗ, ಕಲೆಗೂ ಹುಟ್ಟಿಗೂ ಸಂಬಂಧವಿಲ್ಲವೆಂಬ ನಿಲುವನ್ನು ಬಹಿರಂಗವಾಗಿ ಸಾರಿ, ಲೀಬರ್‌ಮನ್ ತನ್ನ ಗೌರವಪದವಿಯನ್ನು ತ್ಯಜಿಸಿದನು. ಆಗ ಅವನಿಗೆ 85 ವರ್ಷ. 1935ರಲ್ಲಿ ಅವನು ತೀರಿಕೊಂಡನು. ವಾನ್ಸೇ ದಡದ ಮನೆಯನ್ನು 1940ರಲ್ಲಿ ಅವನ ಪತ್ನಿ ಮಾರ್ತಾ ಬಲವಂತಕ್ಕೆ ಒಳಗಾಗಿ ಮಾರಬೇಕಾಯಿತು. 1943ರಲ್ಲಿ ಸೆರೆಶಿಬಿರಕ್ಕೆ ಹೊರಡಬೇಕೆಂಬ ಆಜ್ಞೆ ಬಂದಾಗ ಆ ವೃದ್ಧೆ ತಾನಾಗಿಯೇ ಪ್ರಾಣವನ್ನು ತೊರೆದಳು.

ಚಿತ್ರಗಳೂ ಈ ಕ್ರೌರ್ಯದಿಂದ ಪಾರಾಗಲಿಲ್ಲ. 1901ರಲ್ಲಿ ಬರೆದ, ಕಡಲತೀರದ ಇಬ್ಬರು ಸವಾರರ ಚಿತ್ರವನ್ನು ಅದರ ಯಹೂದಿ ಒಡೆಯನಿಂದ ನಾತ್ಸಿಗಳು ಕಸಿದುಕೊಂಡರು. ಅದು 2012ರಲ್ಲಿ ಮ್ಯೂನಿಕ್ ನಗರದ ಮನೆಯೊಂದರಲ್ಲಿ ದೊರೆತು, 2015ರಲ್ಲಿ ಅವನ ವಾರಸುದಾರರಿಗೆ ಮರಳಿತು. ವಾನ್ಸೇಯ ಮನೆ 2006ರಿಂದ ಲೀಬರ್‌ಮನ್ನನ ಸ್ಮಾರಕ ಸಂಗ್ರಹಾಲಯವಾಗಿದೆ. ಹೀಗೆ ಮರಳಿ ಬಂದದ್ದು ವಸ್ತುಗಳು ಮಾತ್ರ. ಕಳೆದುಹೋದ ಜೀವಗಳು ಬರಲಿಲ್ಲ.

ಮನುಷ್ಯರನ್ನು ಹುಟ್ಟಿನಿಂದ ಅಳೆಯುವ ಅಭ್ಯಾಸವೂ, ಕೆಲವರ ಬಾಳು ಮಾತ್ರ ನೋಡಲು ತಕ್ಕದ್ದೆಂಬ ಭಾವನೆಯೂ ಒಂದೇ ಬೇರಿನಿಂದ ಹುಟ್ಟುವಂಥವು. ಆದ್ದರಿಂದ ನೀವು ಚಿತ್ರವನ್ನು ನೋಡುವಾಗ, ಇದರಲ್ಲಿರುವವರು ಎಷ್ಟು ದೊಡ್ಡವರು ಎಂದು ಕೇಳಬೇಡಿ; ಇವರನ್ನು ಚಿತ್ರಕಾರನು ಎಷ್ಟು ಗೌರವದಿಂದ ಕಂಡಿದ್ದಾನೆ ಎಂದು ಕೇಳಿ. ಚಿತ್ರಶಾಲೆಯಿಂದ ಹೊರಬಂದ ಮೇಲೂ ಆ ಪ್ರಶ್ನೆಯನ್ನು ಮರೆಯದಿರಿ.